ಕೆಂಪು ಬೊಟ್ಟಿನ ತೋಟಾ

ಬೆಳಗಾವಿ
19 ಅಕ್ಟೋಬರ್ 1997

ಅಪ್ಪಾ,

ನಾನು ಇಲ್ಲಿ ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ಅವ್ವನಿಗೆ ಓದಿ ಹೇಳುವಾಗ ಸ್ವಲ್ಪ ನಿಧಾನಕ್ಕೆ ಹೇಳು: ನಾನು ಸೋತೆ. ಮುನ್ನೂರು ಮೀಟರಿನ ರೈಫಲ್ ಪಂದ್ಯದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ಆಗಬೇಕಾದವಳ ಹೆಸರು ಈಗ ಪಟ್ಟಿಯ ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತದೆ.

ಕೈ ನಡುಗಿ ಸೋತಿದ್ದರೆ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಗಾಳಿಯ ಮೇಲೆ ಹಾಕೋಣವೆಂದರೆ, ಗಾಳಿ ಗುಂಡನ್ನು ಎಡಕ್ಕೋ ಬಲಕ್ಕೋ ಒಯ್ಯುತ್ತದೆ. ನನ್ನ ಗುಂಡುಗಳು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಗುರಿಹಲಗೆ ತಂದು ತೋರಿಸಿದಾಗ ಅದರ ಮೇಲೆ ಎರಡು ಗುಂಪು ಇದ್ದವು. ಒಂದು ನಟ್ಟನಡುವೆ, ಅಂಗೈಯಿಂದ ಮುಚ್ಚುವಷ್ಟು ಬಿಗಿಯಾಗಿ. ಇನ್ನೊಂದು ಅದರ ನೇರ ಕೆಳಗೆ, ಅರ್ಧ ಗೇಣಿನಾಚೆ, ಅದೂ ಅಷ್ಟೇ ಬಿಗಿ. ಹೊಡೆದವಳು ಒಬ್ಬಳೇ, ಇಬ್ಬರು ಹೊಡೆದಂತಿತ್ತು. ಪಕ್ಕದಲ್ಲಿದ್ದ ಮಿಲಿಟರಿಯವನೊಬ್ಬ ನೋಡಿ, "ಎರಡು ಮದ್ದು ಕಲಸಿದ್ದೀರಿ" ಅಂದ. ಅವನಿಗೆ ಕಪಾಳಕ್ಕೆ ಕೊಡಬೇಕು ಅನಿಸಿತು, ಯಾಕೆಂದರೆ ಅವನು ಹೇಳಿದ್ದು ನಿಜ.

ನಿನಗೆ ತಿಳಿಯಲಿ ಅಂತ ಬರೆಯುತ್ತೇನೆ. ರೈಫಲ್ಲಿನ ತೋಟಾದ ಹಿತ್ತಾಳೆ ಕೊಳವೆಯೊಳಗೆ ತುಂಬುವ ಮದ್ದು ಎಲ್ಲಾ ಒಂದೇ ಅಲ್ಲ. ನಮ್ಮ ಕ್ಲಬ್ಬಿನಲ್ಲಿ ಎರಡು ಥರದ್ದಿದೆ. ಹಳೆಯದು ಚಕ್ಕೆ ಚಕ್ಕೆ. ಬಿಸಿಲೇರಿದರೆ ಒಂದು ರೀತಿ ಉರಿಯುತ್ತದೆ, ತಂಪಾದರೆ ಇನ್ನೊಂದು ರೀತಿ. ಅದು ಪ್ರಾಕ್ಟೀಸಿಗೆ ಸಾಕು. ಹೊಸದು ಸಣ್ಣ ಕಡ್ಡಿಗಳ ಹಾಗಿದೆ, ನಿಧಾನಕ್ಕೆ, ಸಮನಾಗಿ ಉರಿದು ಪ್ರತಿ ಗುಂಡನ್ನೂ ಒಂದೇ ವೇಗದಲ್ಲಿ ದೂಡುತ್ತದೆ. ಹತ್ತಿರದ ಗುರಿಗೆ ಈ ಫರಕು ಕಾಣುವುದೇ ಇಲ್ಲ. ಮುನ್ನೂರು ಮೀಟರಿಗೆ ನಿಧಾನದ ಗುಂಡು ಕೆಳಗೆ ಬಿದ್ದೇ ಬೀಳುತ್ತದೆ. ಯಾವ ಮದ್ದು ನನ್ನ ರೈಫಲ್ಲಿಗೆ ಒಗ್ಗುತ್ತದೆ ಅಂತ ನಾನೂ ಯೂನುಸಣ್ಣನೂ ಬೇಸಿಗೆಯಿಡೀ ನಾರಾಯಣಪುರದ ಆಣೆಕಟ್ಟಿನ ಹಳೇ ಕಲ್ಲುಗಣಿಯಲ್ಲಿ ಕೂತು, ಮೈ ಸುಟ್ಟುಕೊಂಡು ನೋಡಿದ್ದೆವು.

ಯೂನುಸಣ್ಣ ಅಂದರೆ ಕ್ಲಬ್ಬಿನ ಮಿಸ್ತ್ರಿ, ಸುರಪುರದವನು, ನೀನು ಒಮ್ಮೆ ನೋಡಿದ್ದೀ. ತೋಟಾ ತುಂಬಿ, ಪ್ರಾಕ್ಟೀಸಿಗೊಂದು ಪಂದ್ಯಕ್ಕೊಂದು ಡಬ್ಬಿ ಮಾಡಿ ಕೊಡುವವನು ಅವನೇ. ಎರಡೂ ಥರದ ತೋಟಾ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಅದಕ್ಕೇ ಹೊಸ ಮದ್ದಿನವುಗಳ ತಳಕ್ಕೆ ಅವನು ಒಂದು ಕೆಂಪು ಮಸಿಯ ಬೊಟ್ಟು ಇಡುತ್ತಾನೆ. ಈ ಸಲ ಒಂದಕ್ಕೂ ಬೊಟ್ಟಿರಲಿಲ್ಲ! ಇಲ್ಲಿಗೆ ಬಂದು ಡಬ್ಬಿ ತೆರೆದಾಗಲೇ ನೋಡಿದೆ. ಮರೆತಿದ್ದಾನೆ ಮಹಾಶಯ ಅಂತ ಬೈದುಕೊಂಡು ಡಬ್ಬಿಯ ಮೇಲಿನ ಹೆಸರನ್ನು ನಂಬಿದೆ. ಪಂದ್ಯ ಮುಗಿದ ಮೇಲೆ ನಮ್ಮ ಸೆಕ್ರೆಟರಿ ಮಹಾದೇವಪ್ಪ ಸಾಹೇಬರು ಒಂದೇ ಡಬ್ಬಿಯಲ್ಲಿ ಉಳಿದಿದ್ದ ಎರಡು ತೋಟಾ ಬಿಚ್ಚಿ ಅಂಗೈಗೆ ಸುರಿದರು. ಒಂದರಲ್ಲಿ ಚಕ್ಕೆ ಇತ್ತು, ಇನ್ನೊಂದರಲ್ಲಿ ಕಡ್ಡಿ.

ನಾನು ಸುಮ್ಮನಿರಲಿಲ್ಲ ಅಪ್ಪಾ. ಅಲ್ಲೇ ಮೈದಾನದಲ್ಲಿ, ಎಲ್ಲರ ಎದುರು, ಗಂಟಲು ಹರಿಯುವಂತೆ ಹೇಳಿದೆ. ಇದು ಯೂನುಸನ ಕೆಲಸ, ಅವನು ನನಗೆ ಮೋಸ ಮಾಡಿದ್ದಾನೆ ಅಂತ. ಸಾಹೇಬರು ಬರೆದುಕೊಂಡಿದ್ದಾರೆ.

ನಾಳೆ ನಾರಾಯಣಪುರಕ್ಕೆ ಹೊರಡುತ್ತೇನೆ. ಆಫೀಸಿನಲ್ಲಿ ರಜೆ ಮುಗಿಯಿತು.

ನಿನ್ನ ಮಗಳು,
ಗೊಲ್ಲಾಳಮ್ಮ

*

ಸಗರ, ತಾ. ಶಹಾಪುರ
26 ಅಕ್ಟೋಬರ್ 1997

ಮಗಳಾದ ಗೊಲ್ಲಾಳಮ್ಮನಿಗೆ ಅಪ್ಪ ನಾಗಣ್ಣನ ಆಶೀರ್ವಾದ.

ನಿನ್ನ ಪತ್ರ ಓದಿದೆ. ಆ ಮಿಸ್ತ್ರಿಯನ್ನು ನಾನು ಒಮ್ಮೆ ನೋಡಿದ್ದು ನಿಜ. ಮಾತಿಗೊಮ್ಮೆ ತಂಗಿ ತಂಗಿ ಅನ್ನುತ್ತಿದ್ದ. ನಗುವವನ ಕೈಯಲ್ಲೇ ಕತ್ತರಿ ಇರುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ. ನೀನು ಎಲ್ಲರೆದುರು ಹೇಳಿದ್ದು ಒಳ್ಳೆಯದೇ ಆಯಿತು. ನಾನೂ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಹೇಳಿದ್ದೇನೆ, ಕಾಲುವೆಯ ಮೇಲೆ ನೀರಿನ ಪಾಳಿ ಹಚ್ಚುವಾಗಲೂ ಹೇಳಿದ್ದೇನೆ. ಭಾಗಣ್ಣನಂಥ ಭಾಗಣ್ಣನೇ, "ಅಂಥವನ ಬಿಡಬಾರದ್ರಿ ಗೌಡ್ರ" ಅಂದ. ಅವನು ನನ್ನ ಮಾತಿಗೆ ಹೂಂ ಅಂದದ್ದು ಈ ಕಾಲುವೆ ಬಂದಾಗಿನಿಂದ ಇದೇ ಮೊದಲು.

ನಮ್ಮ ಕಡೆಯಿಂದ ಏನೂ ಕಡಿಮೆ ಆಗಿಲ್ಲ, ಅದು ನಿನ್ನ ಮನಸ್ಸಿಗೆ ಇರಲಿ. ದಸರೆಯಲ್ಲಿ ಖಂಡೆ ಪೂಜೆಯ ದಿನ ನೀನು ಬೆಳಗಾವಿ ಬಸ್ಸಿಗೆ ಸೀಟು ಹಿಡಿಸಲು ಶಹಾಪುರಕ್ಕೆ ಹೋದೆಯಲ್ಲ, ಆಗ ನೇಗಿಲ ಕುಡ, ಕುಡಗೋಲು, ಕೊಡಲಿ, ಪಂಪಿನ ಸ್ಟಾರ್ಟರು ಎಲ್ಲದರ ಸಾಲಿಗೆ ನಿನ್ನ ರೈಫಲ್ಲನ್ನೂ ಇಟ್ಟೆ. ನೇಗಿಲಿಗೆ ಪೂಜೆ ಮಾಡಿ ಕುಡವನ್ನು ಬಿಡುವುದುಂಟೇ? ರೈಫಲ್ಲಿಗೆ ಮಾಡಿ ಗುಂಡಿಗೆ ಬಿಡುವುದು ಹೇಗೆ? ನಿನ್ನ ಚೀಲದಿಂದ ಎರಡೂ ಡಬ್ಬಿ ತೆಗೆದು, ಎಲ್ಲಾ ಗುಂಡುಗಳನ್ನು ತಾಟಿಗೆ ಸುರಿದು, ಒಂದೊಂದಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟೆ. ಕುಂಕುಮ ಮೆತ್ತಿಕೊಂಡರೆ ನೀನು ಹರಿಹಾಯುತ್ತೀ ಅಂತ ನಿಮ್ಮವ್ವ ಆಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದನ್ನೂ ಹೊಳೆಯುವ ಹಾಗೆ ಒರೆಸಿ ಡಬ್ಬಿ ತುಂಬಿಟ್ಟಳು. ಇಷ್ಟು ನಿಷ್ಠೆಯಿಂದ ಕಳಿಸಿದ ಗುಂಡು ತಪ್ಪಿತೆಂದರೆ ಐಬು ತುಂಬಿದವನ ಕೈಯಲ್ಲೇ ಇರಬೇಕು.

ಕಾಲುವೆಗೆ ನೀರು ಸರಿಯಾಗಿ ಬರುತ್ತಿದೆ. ಭತ್ತ ಹೊಡೆ ತೆಗೆದಿದೆ. ಅವ್ವ ಆರಾಮ ಇದ್ದಾಳೆ.

ನಿನ್ನ ಅಪ್ಪ,
ನಾಗಣ್ಣ

*

ಸುರಪುರ
28 ಅಕ್ಟೋಬರ್ 1997

ಗೊಲ್ಲಾಳಮ್ಮ ಮೇಡಂ ಅವರಿಗೆ ಯೂನುಸನ ಸಲಾಂ.

ಇಷ್ಟು ವರ್ಷ ತಂಗಿ ಅನ್ನುತ್ತಿದ್ದೆ. ಇನ್ನು ಮೇಡಂ ಅನ್ನುವುದೇ ಸರಿ. ತಂಗಿಯಾದವಳು ಮೊದಲು ಅಣ್ಣನನ್ನು ಕೇಳುತ್ತಾಳೆ, ಆಮೇಲೆ ಬೇಕಾದರೆ ಊರಿಗೆ ಹೇಳುತ್ತಾಳೆ.

ನೀವು ಬೆಳಗಾವಿಯಲ್ಲಿ ಏನಂದಿರಿ ಅಂತ ನೀವು ನನಗೆ ಹೇಳಲಿಲ್ಲ. ಪೊಲೀಸರು ಹೇಳಿದರು. ಕ್ಲಬ್ಬಿನ ಲೈಸೆನ್ಸಿಗೆ ಧಕ್ಕೆ ಬರಬಾರದು ಅಂತ ಸೆಕ್ರೆಟರಿ ಸಾಹೇಬರು ಠಾಣೆಗೆ ಕಾಗದ ಕೊಟ್ಟಿದ್ದಾರೆ. ಹೊಸ ಮದ್ದಿನ ಡಬ್ಬಿಯಲ್ಲಿ ಹಳೇ ಮದ್ದಿನ ತೋಟಾ ಇದ್ದರೆ, ಉಳಿದ ಆ ಹೊಸ ಮದ್ದು ಎಲ್ಲಿಗೆ ಹೋಯಿತು? ಹಂದಿ ಹೊಡೆಯುವವರಿಗೆ ಮಾರಿದೆಯಾ? ಇನ್ನೂ ಎಂಥವರಿಗೆ ಕೊಟ್ಟೆ? ಇದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ, ಕೇಳಬೇಕಾದ ಮನೆ ತಪ್ಪಿದೆ.

ಜೋಳದ ಚೀಲ ಸುರಿದು ನೋಡಿದರು. ನನ್ನ ಹೆಂಡತಿಯ ತವರಿನ ಟ್ರಂಕು ತೆಗೆಸಿ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದರೂ ಓಣಿಯ ಬಾಯಿ ಮುಚ್ಚುವವರು ಯಾರು? ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ನಮ್ಮ ಅಬ್ಬಾ, ಅವರ ಅಬ್ಬಾ, ಎಲ್ಲರೂ ಈ ಸುರಪುರದಲ್ಲಿ ಬಂದೂಕಿನ ಕೆಲಸ ಮಾಡಿದವರೇ. ಒಬ್ಬರ ಮನೆಗೂ ಪೊಲೀಸರು ಬಂದಿರಲಿಲ್ಲ. ಬಂದರೆ ರಿಪೇರಿಗೆ ಬರುತ್ತಿದ್ದರು. ಕ್ಲಬ್ಬಿನ ಕೆಲಸ ಹೋಯಿತು. ಈ ಕೇಸು ಮುಗಿಯುವ ತನಕ ಇನ್ಯಾರದ್ದೂ ಬಂದೂಕು ಮುಟ್ಟಬೇಡ ಅಂದಿದ್ದಾರೆ.

ಹೊಸ ಮದ್ದಿನ ಒಂದೊಂದು ತೋಟಾದ ತಳಕ್ಕೂ ನಾನು ಕೆಂಪು ಬೊಟ್ಟು ಇಟ್ಟಿದ್ದೆ. ಇರಲಿಲ್ಲ ಅಂತ ನೀವು ಹೇಳಿದ್ದೀರಿ. ಅದು ಬೆವರಿಗೆ ಹೋಗುವ ಮಸಿ ಅಲ್ಲ, ನೀರಿಗೂ ಹೋಗುವುದಿಲ್ಲ, ಕೂತು ಎಣ್ಣೆ ಹಚ್ಚಿ ತಿಕ್ಕಬೇಕು. ಹಾಗಾದರೆ ನನ್ನ ಕೈ ಬಿಟ್ಟು ನಿಮ್ಮ ರೈಫಲ್ಲಿಗೆ ಹೋಗುವ ನಡುವೆ ಆ ಡಬ್ಬಿಗಳು ಎಲ್ಲಿದ್ದವು, ಯಾರ ಕೈಯಲ್ಲಿದ್ದವು? ಪೊಲೀಸರು ನನ್ನನ್ನು ಬೇಕಾದಷ್ಟು ಕೇಳಿದರು. ನಾನು ನಿಮ್ಮನ್ನು ಕೇಳುವುದು ಇದೊಂದೇ.

ಯೂನುಸ

*

ನಾರಾಯಣಪುರ
2 ನವೆಂಬರ್ 1997

ಅಪ್ಪಾ,

ನಿನ್ನ ಪತ್ರ, ಯೂನುಸಣ್ಣನ ಪತ್ರ ಎರಡೂ ಒಂದೇ ದಿನ ಬಂದವು. ಮೊದಲು ಅವನದ್ದು ಓದಿ ಉರಿದೆ. ಆಮೇಲೆ ನಿನ್ನದು ಓದಿದೆ. ಓದಿ ಮುಗಿಸಿದ ಮೇಲೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತವಳು ಆಫೀಸಿಗೆ ಹೋಗುವುದನ್ನೇ ಮರೆತೆ.

ಅಪ್ಪಾ, ಅವನು ಬೊಟ್ಟು ಇಟ್ಟಿದ್ದ! ನೀನು ಅದರ ಮೇಲೆ ಕುಂಕುಮ ಹಚ್ಚಿದೆ. ಅವ್ವ ಕುಂಕುಮದ ಜೊತೆ ಬೊಟ್ಟನ್ನೂ ಒರೆಸಿ ತೆಗೆದಳು. ಎರಡು ಡಬ್ಬಿಯದ್ದೂ ಒಂದೇ ತಾಟಿಗೆ ಸುರಿದ ಮೇಲೆ, ಬೊಟ್ಟು ಹೋದ ಮೇಲೆ, ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಕೈಗೆ ಸಿಕ್ಕದ್ದನ್ನು ಸಿಕ್ಕ ಡಬ್ಬಿಗೆ ತುಂಬಿ ನನ್ನ ಚೀಲದಲ್ಲಿಟ್ಟಿರಿ. ನಾನು ಅದನ್ನು ಹೊತ್ತುಕೊಂಡು ಬೆಳಗಾವಿಗೆ ಹೋಗಿ, ಮೈದಾನದಲ್ಲಿ ನಿಂತು, ಒಬ್ಬ ಬಡವನ ಮಾನ ಕಳೆದು ಬಂದೆ.

ಚೀಲ ಮುಟ್ಟಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೆ? ರೈಫಲ್ಲಿಗೆ ಒಂದು ಹೂವಿಡು, ಸಾಕು ಅಂದಿದ್ದೆ. ನಿನಗೆ ಯಾರ ಮಾತೂ ಕಿವಿಗೆ ಹೋಗುವುದಿಲ್ಲ. ಬೇರೆಯವರ ಹೊಲದ ತೂಬು ಒಂದು ಬೆರಳು ಏರಿಸಿದರೆ ಊರು ಕೂಡಿಸುತ್ತೀ. ಮಗಳ ಬದುಕಿನ ಡಬ್ಬಿ ತೆರೆಯುವಾಗ ಮಾತ್ರ ಕೇಳಬೇಕು ಅನಿಸಲಿಲ್ಲ.

ಸೋತದ್ದು ಬಿಡು, ಬರುವ ವರ್ಷ ಪಂದ್ಯ ಮತ್ತೆ ಇರುತ್ತದೆ. ಯೂನುಸಣ್ಣನ ಮನೆಯಲ್ಲಿ ಪೊಲೀಸರು ಜೋಳದ ಚೀಲ ಸುರಿದಿದ್ದಾರೆ. ಕೆಲಸ ಹೋಗಿದೆ. ಅವನ ಮೇಲೆ ಮದ್ದು ಮಾರಿದ ಕೇಸು ಬೀಳುವಂತಿದೆ. ಅದು ಬಿದ್ದರೆ ಅವನು ಈ ಜನ್ಮದಲ್ಲಿ ಬಂದೂಕು ಮುಟ್ಟುವ ಹಾಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ನಾನು ನಿನ್ನೆಯೇ ಮಹಾದೇವಪ್ಪ ಸಾಹೇಬರ ಮುಂದೆ ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು, "ಅಂದು ಮೈದಾನದಾಗ ಒಂದು ಮಾತು, ಇಂದು ಆಫೀಸಿನ್ಯಾಗ ಒಂದು ಮಾತು. ಪೊಲೀಸರು ನಂಬತಾರೇನವಾ? ಪೂಜಿ ಆದಾಗ ನೀ ಮನ್ಯಾಗ ಇದ್ದಿಲ್ಲ ಅಂತಿ. ಮುಟ್ಟಿದವ್ರು ಯಾರದಾರೋ ಅವ್ರ ಬಂದು ಹೇಳ್ಲಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ಕಂಡ ಕೂಡಲೇ ಸುರಪುರದ ಬಸ್ಸು ಹತ್ತು. ಠಾಣೆಗೆ ಬಾ. ನಡೆದದ್ದನ್ನು ಹೇಳು.

ಗೊಲ್ಲಾಳಮ್ಮ

*

ಸಗರ
16 ನವೆಂಬರ್ 1997

ಗೊಲ್ಲಾಳಮ್ಮನಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಬಾರದು ಅಂತಲೇ ಇದ್ದೆ. ಅಪ್ಪನಿಗೆ ಬರೆಯುವ ಪತ್ರವೇ ಅದು? ಆಳಿಗೂ ಹಾಗೆ ಬರೆಯಬಾರದು.

ಹುಟ್ಟಿದಾಗಿನಿಂದ ನಾನು ಖಂಡೆ ಪೂಜೆ ತಪ್ಪಿಸಿಲ್ಲ. ಕಬ್ಬಿಣಕ್ಕೆ ಕೈ ಮುಗಿಯದೆ ಅದನ್ನು ಕೆಲಸಕ್ಕೆ ಹಚ್ಚಿದವರು ನಮ್ಮ ಮನೆತನದಲ್ಲಿ ಇಲ್ಲ. ಈಗ ನಾನು ಠಾಣೆಗೆ ಹೋಗಿ, ಸಾಹೇಬರೇ, ದೇವರ ಕುಂಕುಮದಿಂದ ಗುಂಡು ಕೆಟ್ಟಿತು, ತಪ್ಪಾಯಿತು ಅಂತ ಹೆಬ್ಬೆಟ್ಟು ಒತ್ತಿ ಬರಬೇಕೇ? ನಾನು ಸಹಿ ಮಾಡಲು ಬಲ್ಲವನು, ಆದರೂ ಅಲ್ಲಿ ಹೆಬ್ಬೆಟ್ಟೇ ಒತ್ತಿದ ಹಾಗೆ.

ಕಾಲುವೆ ಬಂದ ಮೇಲೆ ಈ ಊರಲ್ಲಿ ನೀರಿಗೆ ತಲೆ ಒಡೆದುಕೊಂಡವರಿದ್ದಾರೆ. ನಾಗಣ್ಣ ಹೇಳಿದ ಪಾಳಿ ಅಂದರೆ ಪಾಳಿ ಅಂತ ಇವತ್ತಿಗೂ ನಡೆಯುತ್ತಿದೆ. ಯಾಕೆ? ನಾನು ಆಡಿದ ಮಾತು ತಿರುಗಿಸಿಲ್ಲ, ಅದಕ್ಕೇ. ಆ ಮಿಸ್ತ್ರಿ ಕಳ್ಳ ಅಂತ ಕಾಲುವೆಯ ಮೇಲೆ ನಿಂತು ಹೇಳಿದ್ದೇನೆ. ಈಗ ಇಲ್ಲ, ನಮ್ಮ ಮನೆಯದ್ದೇ ತಪ್ಪು ಅಂದರೆ ಭಾಗಣ್ಣ ಏನಂತಾನೆ ಗೊತ್ತೇ? "ಕುಂಕುಮಾ ಹಚ್ಚಿ ಮಗಳನ್ನ ಸೋಲಿಸಿದಾಂವ ನಮಗೇನ್ ನ್ಯಾಯ ಹೇಳ್ತಾನ?" ಅಂತಾನೆ. ಅವತ್ತೇ ಅವನು ರಾತ್ರಿ ತೂಬು ಒಡೆಯುತ್ತಾನೆ. ಕೆಳಗಿನ ಹೊಲದವರ ಭತ್ತ ಒಣಗುತ್ತದೆ. ನಿನಗೆ ಒಬ್ಬ ಮಿಸ್ತ್ರಿಯ ಚಿಂತೆ, ನನಗೆ ಇಡೀ ಕೆಳಗಾಲುವೆಯ ಚಿಂತೆ.

ಇನ್ನೊಂದು ಮಾತು. ಪೂಜೆ ಮಾಡಿದ್ದು ನಾನು, ಒರೆಸಿದ್ದು ನಿಮ್ಮವ್ವ, ಒಪ್ಪಿದೆ. ಆದರೆ ಅವನನ್ನು ಮೋಸಗಾರ ಅಂದವರು ಯಾರು? ನಾವಿಬ್ಬರೂ ಅಲ್ಲ. ಬೊಟ್ಟಿಲ್ಲ ಅಂತ ಕಂಡಾಗ ಅವನಿಗೊಂದು ಫೋನು ಮಾಡಿ ಕೇಳಬಹುದಿತ್ತು, ಮನೆಗೊಂದು ಮಾತು ಕೇಳಬಹುದಿತ್ತು. ನೀನು ಕೇಳಲಿಲ್ಲ. ಕೂಗಿದೆ. ಆ ಬಾಯಿ ನನ್ನ ಬಾಯಿಯೇ ಅಂತ ಊರವರು ಹೇಳುತ್ತಾರೆ, ಇರಲಿ. ಜಾರಿದ್ದು ನಿನ್ನ ಬಾಯಿ, ನೀನೇ ಹೋಗಿ ಆರಿಸಿಕೊ. ತೋಟಾ ನಾನೇ ಕಲಸಿದೆ ಅಂತ ಹೇಳು. ಮನೆಯನ್ನು ಠಾಣೆಗೆ ಎಳೆಯಬೇಡ.

ನಿಮ್ಮವ್ವನಿಗೆ ಇದ್ಯಾವುದನ್ನೂ ನಾನು ಓದಿ ಹೇಳಿಲ್ಲ. ನೀನೂ ಹೇಳುವ ಕಾರಣವಿಲ್ಲ.

ನಾಗಣ್ಣ

*

ನಾರಾಯಣಪುರ
22 ನವೆಂಬರ್ 1997

ಯೂನುಸಣ್ಣಾ,

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಡಬ್ಬಿಗಳು ನಮ್ಮ ಮನೆಯಲ್ಲಿದ್ದವು. ಖಂಡೆ ಪೂಜೆಗೆ ನಮ್ಮಪ್ಪ ಎಲ್ಲಾ ತೋಟಾ ಒಂದೇ ತಾಟಿಗೆ ಸುರಿದು ಕುಂಕುಮ ಹಚ್ಚಿದ. ನಮ್ಮವ್ವ ಸೀಮೆಎಣ್ಣೆಯಿಂದ ಒರೆಸಿದಳು. ನಿಮ್ಮ ಬೊಟ್ಟು ಹಾಗೆ ಹೋಯಿತು, ತೋಟಾ ಹಾಗೆ ಬೆರೆತವು. ನಿಮ್ಮದು ಎಳ್ಳಷ್ಟೂ ತಪ್ಪಿಲ್ಲ.

ಸಾಹೇಬರಿಗೆ ಹೇಳಿದ್ದೇನೆ. ಅವರು ಮುಟ್ಟಿದವರೇ ಬರಬೇಕು ಅನ್ನುತ್ತಾರೆ. ನಮ್ಮಪ್ಪ ಬರಲು ಒಪ್ಪುತ್ತಿಲ್ಲ. ನಾನೇ ಕಲಸಿದೆ ಅಂತ ಹೇಳಿಬಿಡು ಅನ್ನುತ್ತಾನೆ. ಒಂದು ಸುಳ್ಳು ಹೇಳಿ ಇಷ್ಟಾಗಿದೆ, ಇನ್ನೊಂದು ಸುಳ್ಳು ಹೇಳಿ ಯಾರನ್ನು ಉದ್ಧಾರ ಮಾಡಲಿ? ಅವನ ಮೇಲೆ ನನಗೆ ಬಂದಿರುವ ಸಿಟ್ಟು ಬರೆದರೆ ಈ ಕಾಗದ ಸಾಲದು. ನಿಮ್ಮ ಹತ್ತಿರ ನಾನು ಯಾವ ಮುಖದಿಂದ ಕ್ಷಮೆ ಕೇಳಲಿ ಅಂತಲೂ ತಿಳಿಯುತ್ತಿಲ್ಲ. ಆದರೂ ಕೇಳುತ್ತಿದ್ದೇನೆ.

ಗೊಲ್ಲಾಳಮ್ಮ

*

ಸುರಪುರ
4 ಡಿಸೆಂಬರ್ 1997

ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿತು. ಓದಿ ನನ್ನ ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಮತ್ತ ಇದನ್ನ ಲಕೋಟಿ ಅಂಟಿಸಿ ಯಾಕ ಕಳಿಸ್ಯಾರ?"

ನನಗೂ ಅದೇ ಅನಿಸಿತು. ನನ್ನನ್ನು ಮೋಸಗಾರ ಅಂದದ್ದು ಮೈದಾನದಲ್ಲಿ, ಎಲ್ಲಾ ಜಿಲ್ಲೆಯವರ ಎದುರು, ಗಂಟಲು ತೆರೆದು. ಅಲ್ಲ ಅನ್ನುವುದು ಮಾತ್ರ ನನ್ನೊಬ್ಬನ ಕಿವಿಯಲ್ಲಿ. ಇದು ಯಾವ ನ್ಯಾಯ? ನಾನು ತಪ್ಪು ಮಾಡಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು, ನೀವು ತಿಳಿಸಬೇಕಿರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸಿ.

ನಿಮ್ಮ ತಂದೆಗೆ ಊರಲ್ಲಿ ಮಾನವಿದೆ, ಅದಕ್ಕೇ ಬರುವುದಿಲ್ಲ ಅಂದಿರಿ. ನನಗೂ ಒಂದು ಊರಿದೆ. ಬಂದೂಕು ರಿಪೇರಿಗೆ ಬರುತ್ತಿದ್ದ ಗಿರಾಕಿಗಳು ಈಗ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಉಸ್ಮಾನಸಾಬನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದೇನೆ. ತಿಂಗಳು ಮುಗಿಯುವುದರೊಳಗೆ ಠಾಣೆಯ ಫೌಜದಾರರು ಕೇಸಿನ ಕಾಗದ ಕೋರ್ಟಿಗೆ ಕಳಿಸುತ್ತಾರಂತೆ. ಆಮೇಲೆ ನೀವು ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ.

ಯೂನುಸ

*

ನಾರಾಯಣಪುರ
8 ಡಿಸೆಂಬರ್ 1997

ಅವ್ವಾ,

ಈ ಪತ್ರವನ್ನು ಅಪ್ಪನ ಕೈಗೆ ಕೊಡದೆ ನೇರ ನಿನಗೇ ಕೊಡಲು ಪೋಸ್ಟಿನವನಿಗೆ ಹೇಳಿ ಕಳಿಸಿದ್ದೇನೆ. ಪಕ್ಕದ ಮನೆಯ ಅಖ್ತರಬೇಗಂ ಅವರ ಹತ್ತಿರ ಓದಿಸಿಕೊ. ಅಕ್ಕಾರೇ, ದಯವಿಟ್ಟು ಇದ್ದದ್ದು ಇದ್ದ ಹಾಗೆ ಓದಿರಿ.

ಅವ್ವಾ, ಖಂಡೆ ಪೂಜೆಯ ದಿನ ನೀನು ಒರೆಸಿದ ಗುಂಡುಗಳಲ್ಲಿ ಎರಡು ಜಾತಿ ಇದ್ದವು. ಒಂದು ಜಾತಿಯವುಗಳ ತಳಕ್ಕೆ ಮಿಸ್ತ್ರಿ ಯೂನುಸಣ್ಣ ಗುರುತಿಗೆ ಕೆಂಪು ಬೊಟ್ಟು ಇಟ್ಟಿದ್ದ. ಕುಂಕುಮದ ಜೊತೆ ಅದೂ ಹೋಯಿತು, ಗುಂಡು ಬೆರಕೆಯಾದವು, ನಾನು ಸೋತೆ. ಸಿಟ್ಟಿನಲ್ಲಿ ಅವನ ಮೇಲೆ ಹಾಕಿದೆ. ಈಗ ಅವನ ಕೆಲಸ ಹೋಗಿದೆ, ಮನೆಗೆ ಪೊಲೀಸರು ಬಂದಿದ್ದಾರೆ, ಕೇಸು ಕೋರ್ಟಿಗೆ ಹೋಗುವುದರಲ್ಲಿದೆ. ಅಪ್ಪನಿಗೆ ಎಲ್ಲಾ ಬರೆದಿದ್ದೇನೆ. ನಿನಗೆ ಹೇಳಿಲ್ಲ ಅಂತ ಅವನೇ ಬರೆದಿದ್ದಾನೆ.

ನಾನು ಬೆಳಗಾವಿಯ ಪಂದ್ಯದವರಿಗೆ ಬರೆದೆ, ನನ್ನ ಮಾತು ತಪ್ಪು, ಮಿಸ್ತ್ರಿ ನಿರಪರಾಧಿ ಅಂತ. ಅದನ್ನೇ ದೊಡ್ಡಕ್ಷರದಲ್ಲಿ ಬರೆದು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದೆ. ಠಾಣೆಗೂ ಹೋಗಿದ್ದೆ. ಫೌಜದಾರರು, "ನೀವು ಕಣ್ಣಾರ ನೋಡಿಲ್ಲಲ್ರಿ" ಅಂದು ಕಳಿಸಿದರು. ನೋಡಿದವರು ಇಬ್ಬರೇ. ಒಬ್ಬನಿಗೆ ಮಾನ ಅಡ್ಡ ಬಂದಿದೆ. ನಿನ್ನನ್ನು ನಾನು ಬಾ ಅನ್ನುವುದಿಲ್ಲ. ಗೊತ್ತಾಗಲಿ ಅಂತ ಬರೆದಿದ್ದೇನೆ.

ಅಪ್ಪನ ಜೊತೆ ನಾನು ಇನ್ನು ಮಾತಾಡುವುದಿಲ್ಲ.

ಗೊಲ್ಲಾಳಿ

*

ಸಗರ
5 ಜನವರಿ 1998

ಮಗಳs ಗೊಲ್ಲಾಳಿ,

ನಾ ಹೇಳಾಕತ್ತೀನಿ, ಅಖ್ತರಬೇಗಂ ಬರ್ಯಾಕತ್ತಾಳ. ನನ್ನ ಮಾತು ನುಣ್ಣಗ ಮಾಡಬ್ಯಾಡವಾ ತಾಯಿ, ಹ್ಯಾಂಗದ ಹಾಂಗ ಬರಿ ಅಂತ ಆಕಿಗೆ ಮೊದಲ ಹೇಳೀನಿ.

ನಿನ್ನ ಪತ್ರ ಓದಿಸಿ ಕೇಳಿದ ಮ್ಯಾಲ ನನಗ ಸಿಟ್ಟು ಯಾರ ಮ್ಯಾಲ ಬಂತು ಗೊತ್ತದ ಏನು? ಮೊದಲ ನಿಮ್ಮಪ್ಪನ ಮ್ಯಾಲ. ನಿನ್ನ ಪತ್ರ ಬಂದಾಗೊಮ್ಮೆ ತಾ ಓದಿ, "ಆರಾಮ ಅದಾಳಂತ" ಅಂತ ಮಡಚಿ ಅಂಗಿ ಕಿಸೆದಾಗ ಇಡತಿದ್ದ. ಆಮ್ಯಾಲ ನಿನ್ನ ಮ್ಯಾಲ. ಗುಂಡು ಒರೆಸಿದಾಕಿ ನಾನು. ನನ್ನ ಒಂದು ಮಾತು ಕೇಳಲಾರದ ಅಪ್ಪ ಮಗಳು ಎಲ್ಡು ತಿಂಗಳು ಜಗಳಾ ಆಡೀರಿ. ನಾ ಏನು ಮನ್ಯಾಗಿನ ಒಳಕಲ್ಲು ಏನು? ಬಾ ಅನ್ನಂಗಿಲ್ಲ ಅಂತ ಬರದಿ. ಯಾಕ ಅನ್ನಂಗಿಲ್ಲ? ಅವನ ಮನಿ ಜ್ವಾಳ ಪೊಲೀಸರು ನೆಲಕ್ಕ ಸುರದಾರಂತ ಕೇಳಿ ನಾ ರೊಟ್ಟಿ ಬಡ್ಕೋತ ಕುಂಡ್ರಲೇನು?

ಹೋದ ತಿಂಗಳs, ಕೇಸು ಕೋರ್ಟಿಗೆ ಹೋಗೂ ಮೊದಲ, ನಿಮ್ಮಪ್ಪಗ ಹೇಳ್ದೆ, ನಾ ಸುರಪುರಕ್ಕ ಹೊಂಟೀನಿ ಅಂತ. "ಹೊಸ್ತಿಲ ದಾಟಿದ್ರ ನೋಡು" ಅಂದ. ದಾಟಿ ನಿಂತು, "ಏನ್ ನೋಡ್ಲಿ?" ಅಂದೆ. ಅಖ್ತರಬೇಗಂನ ಕರ್ಕೊಂಡು ಶಹಾಪುರಕ್ಕ ಹೋಗಿ ಅಲ್ಲಿಂದ ಸುರಪುರದ ಬಸ್ ಹತ್ತೀವಿ.

ಠಾಣಾದಾಗ ಫೌಜದಾರ ಕುರ್ಚಿ ಕೊಟ್ಟ, ಛಲೋ ಮನಶ್ಯಾ. ನಿಮ್ಮ ಕ್ಲಬ್ಬಿನ ಮಹಾದೇವಪ್ಪ ಸಾಹೇಬ್ರನ್ನ ಕರೆಸ್ಯಾರ, ಯೂನುಸನ್ನೂ ಕರೆಸ್ಯಾರ. ಎಲ್ಲಾರ ಮುಂದ ಹೇಳ್ದೆ. ತಾಟಿಗೆ ಸುರದಾಂವ ನನ್ನ ಗಂಡ, ಒರೆಸಿದಾಕಿ ನಾನು. ಮಗಳ ಬಂದೂಕಿನ್ಯಾಗ ಕುಂಕುಮಾ ಸಿಗಬಾರದಂತ ಜತನಲೇ ಒರೆಸೀನಿ, ಕಣ್ಣಿಗಿ ಕಾಣಲಾರದ್ದು ಕೈಲೆ ಮುಟ್ಟಿ ಮುಟ್ಟಿ ನೋಡೀನಿ ಅಂದೆ. ಫೌಜದಾರ ಅಂದ, "ಕೆಂಪು ಬೊಟ್ಟು ಇದ್ದದ್ದು ನಿಮಗ ಕಾಣಲಿಲ್ಲೇನವಾ?" ಅಂತ. "ಎಲ್ಲಾ ಕೆಂಪs ಇತ್ರಿ ಸಾಹೇಬ್ರ. ದೇವರ ಕೆಂಪು ಯಾವ್ದು ಮಿಸ್ತ್ರಿ ಕೆಂಪು ಯಾವ್ದು ನನಗ ಹ್ಯಾಂಗ ಗೊತ್ತಾಗ್ಬೇಕು?" ಅಂದೆ.

ನಂಬಲಿಲ್ಲಂದ್ರ ತರಿಸ್ರಿ ಅಂದೆ. ಖಾಲಿ ತೋಟಾ ತರಿಸಿದ್ರು. ಯೂನುಸ ತನ್ನ ಮಸಿಲೆ ಬೊಟ್ಟು ಇಟ್ಟ, ನಾ ಅದರ ಮ್ಯಾಲ ಕುಂಕುಮಾ ಹಚ್ಚಿ, ಅಲ್ಲೇ ನೆಲದ ಮ್ಯಾಲ ಕುಂತು, ಸೀಮಿಎಣ್ಣಿ ಬಟ್ಟಿಲೆ ಮನ್ಯಾಗ ಹ್ಯಾಂಗ ಒರೆಸಿದ್ದೆ ಹಾಂಗ ಒರೆಸಿ ಮ್ಯಾಜಿನ ಮ್ಯಾಲ ಇಟ್ಟೆ. ಹೊಸಾ ನಾಣ್ಯದಂಗ ಹೊಳ್ಯಾಕತ್ತಿತ್ತು. ಫೌಜದಾರ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ನಕ್ಕ. ನನಗ ನಗಿ ಬರಲಿಲ್ಲ. "ನೀವು ನಗತೀರ್ರಿ, ಆತ ಎಲ್ಡು ತಿಂಗಳಾತು ನಕ್ಕಿಲ್ಲ" ಅಂದೆ. ಆತ ನಗೂದು ನಿಲ್ಲಿಸಿ ಬರಕೊಂಡ. ಕೇಸು ಮುಂದ ಒಯ್ಯಂಗಿಲ್ಲ ಅಂತ ಹೇಳ್ಯಾನ. ಮಹಾದೇವಪ್ಪ ಸಾಹೇಬ್ರು, "ಯೂನುಸ, ನಾಳಿಂದ ಕೆಲಸಕ್ಕ ಬಾ" ಅಂದ್ರು. ಆತ ಬರ್ತೀನಿ ಅಂತಾನೂ ಅನ್ನಲಿಲ್ಲ, ಬರಂಗಿಲ್ಲ ಅಂತಾನೂ ಅನ್ನಲಿಲ್ಲ.

ಹೊರಗ ಬಂದ್ರ ರಸ್ತಿ ಆಚಿ ಕಡಿ ಬೇವಿನ ಗಿಡದ ಕೆಳಗ ನಿಮ್ಮಪ್ಪ ಕುಂತಿದ್ದ. ನಮ್ಮ ಹಿಂದಿನ ಬಸ್ಸಿಗೆ ಬಂದಾನ. ಒಳಗ ಬರಲಿಲ್ಲ. ಯೂನುಸನ ಮುಂದ ನಿಂತು ಟೊಪಗಿ ತಗದ. ಬಾಯಿ ಮಾತ್ರ ತಗೀಲಿಲ್ಲ. ಊರಿಗೆ ಬಂದ ಮರುದಿನ ಕಾಲುವಿ ಮ್ಯಾಲ ಹೋಗಿ, "ಆ ಮಿಸ್ತ್ರಿದು ತಪ್ಪಿಲ್ಲ, ನಂದ ತಪ್ಪು" ಅಂದಾನಂತ. ಭಾಗಣ್ಣ ನಕ್ಕಾನ. ತೂಬು ಏನೂ ಒಡದಿಲ್ಲ, ಪಾಳಿ ಪಾಳಿ ಪರಕಾರ ನಡದದ. ನಿಮ್ಮಪ್ಪ ಸುಮ್ನ ಹೆದರಿ ಸತ್ತ. ನೀ ಆತನ ಸಂಗಾಟ ಮಾತು ಬಿಡಬ್ಯಾಡ. ಬೈಯೂದಿದ್ರ ಎದುರಿಗೆ ಬಂದು ಬೈ.

ಅವತ್ತು ಠಾಣಾದಿಂದ ನಾವು ಯೂನುಸನ ಮನಿಗೆ ಹೋಗೀವಿ. ಆತನ ಹೆಂಡ್ತಿ ಚಾ ಕೊಟ್ಲು. ಕುಡದೀವಿ. ಆತ ನನಗ ಅಕ್ಕಾ ಅಂದ, ಮಳಿ ಬೆಳಿ ಕೇಳ್ದ, ಕಾಲುವಿ ನೀರು ಹ್ಯಾಂಗದ ಅಂತ ಕೇಳ್ದ. ನಿನ್ನ ಹೆಸರು ಎತ್ತಲಿಲ್ಲ. ಹೊಂಟು ನಿಂತಾಗ ತಡಕೊಳ್ಳಲಾರದ ಕೇಳೇ ಬಿಟ್ಟೆ: "ತಮ್ಮಾ, ಹುಡುಗಿ ಅಳಾಕತ್ತಾಳ. ನನ್ನ ಮಗಳಿಗೆ ಏನರೆ ಹೇಳ್ಬೇಕೇನು?"

ಆತ ಬಾಗಲತನಕ ಬಂದ. "ಆಕಿ ಛಲೋ ಹೊಡೀತಾಳಕ್ಕಾ. ರಾಜ್ಯದಾಗ ಅಷ್ಟು ಛಲೋ ಹೊಡಿಯಾವ್ರು ಇಲ್ಲ. ಇನ್ನ ಮ್ಯಾಲ ಬ್ಯಾರೆ ಮಿಸ್ತ್ರಿನ್ನ ನೋಡ್ಕೊಳ್ಳಾಕ ಹೇಳ್ರಿ" ಅಂದ.

ನಿನಗ ಹೇಳು ಅಂದಾನ, ಹೇಳೀನಿ.

ನಿಮ್ಮವ್ವ,
ಸೂಗಮ್ಮ